ರೂಟರ್‌ನಲ್ಲಿ ಸಿಂಕ್ 46, ಸ್ಪೀಡ್ ಟೆಸ್ಟ್ 33 ದಾಟುತ್ತಿಲ್ಲ. ಯಾಕೆ?

ಹಳ್ಳಿಮನೆ_ಶ್ರೀ
ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಹಿಯರ್‌ಫರ್ಡ್‌ಶೈರ್‌ನ ಒಂದು ಹಳ್ಳಿಯಲ್ಲಿ. ಇಲ್ಲಿಗೆ ಪೂರ್ತಿ ಫೈಬರ್ ಇನ್ನೂ ಬಂದಿಲ್ಲ. ರಸ್ತೆ ಬದಿಯ ಹಸಿರು ಕ್ಯಾಬಿನೆಟ್‌ವರೆಗೆ ಫೈಬರ್, ಅಲ್ಲಿಂದ ಮನೆಗೆ ಹಳೇ ಫೋನ್ ತಂತಿ. ಕಳೆದ ವಾರ ಜೋರು ಗುಡುಗು ಮಳೆ ಬಂತು, ಇಂಟರ್ನೆಟ್ ಹೋಗೋದು ಬರೋದು ಆಯ್ತು. ಆಮೇಲೆ ಲೈನ್ ನಿಂತಿತು, ಆದರೆ ಸ್ಪೀಡ್ ಮಾತ್ರ ವಾಪಸ್ ಬರಲಿಲ್ಲ. ಮೊದಲು 43 ಎಂಬಿಪಿಎಸ್ ಬರುತ್ತಿತ್ತು, ಈಗ 32.9.

ರೂಟರ್ ಪುಟದಲ್ಲಿ ಹೀಗಿದೆ: ಡೌನ್‌ಸ್ಟ್ರೀಮ್ 46,012 ಕೆಬಿಪಿಎಸ್, ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡೆಯೋಕೆ ಉಳಿಸಿಟ್ಟ ಅಂತರ) 6.1. ಕಂಪನಿಗೆ ಫೋನ್ ಮಾಡಿದರೆ "ಲೈನ್ ಚೆನ್ನಾಗಿದೆ, ರೂಟರ್ ಆಫ್ ಮಾಡಿ ಆನ್ ಮಾಡಿ" ಅಂದರು. ಮಾಡಿದೆ. ಏನೂ ಬದಲಾಗಲಿಲ್ಲ. 46 ಇದೆ ಅಂತ ರೂಟರೇ ಹೇಳುತ್ತಿದೆ, ಹಾಗಾದರೆ ಮಿಕ್ಕ 13 ಎಲ್ಲಿಗೆ ಹೋಯಿತು? ಮನೆಯವರು ದಿನವಿಡೀ ವಿಡಿಯೊ ಮೀಟಿಂಗ್‌ನಲ್ಲಿರುತ್ತಾರೆ, ಮಕ್ಕಳು ಬಂದ ಮೇಲೆ ಎಲ್ಲ ತಡವರಿಸುತ್ತದೆ.

ಲೀಡ್ಸ್_ಲೋಕಿ
ವೈಫೈನಲ್ಲಿ ಟೆಸ್ಟ್ ಮಾಡಿದ್ರಾ? ಕೇಬಲ್ ಹಾಕಿ ನೋಡಿ ಮೊದಲು.

ಹಳ್ಳಿಮನೆ_ಶ್ರೀ
ಕೇಬಲ್ ಹಾಕಿಯೇ ನೋಡಿದ್ದು. ಬೆಳಗಿನ ಜಾವ ನೋಡಿದರೂ ಅಷ್ಟೇ, ಸಂಜೆ ನೋಡಿದರೂ ಅಷ್ಟೇ. 32.8, 32.9. ಗೆರೆ ಎಳೆದ ಹಾಗೆ ಅಲ್ಲೇ ನಿಲ್ಲುತ್ತೆ.

ಮೈಸೂರು_ಮಲ್ಲಿಗೆ
ಬಿಟ್‌ಗೂ ಬೈಟ್‌ಗೂ ಗೊಂದಲ ಇರಬಹುದು. ರೂಟರ್ ಬಿಟ್‌ನಲ್ಲಿ ಹೇಳುತ್ತೆ, ಡೌನ್‌ಲೋಡ್ ಬೈಟ್‌ನಲ್ಲಿ ತೋರಿಸುತ್ತೆ. 8ರಿಂದ ಭಾಗಿಸಬೇಕು.

ಲೀಡ್ಸ್_ಲೋಕಿ
46ನ್ನು 8ರಿಂದ ಭಾಗಿಸಿದರೆ ಐದೂಮುಕ್ಕಾಲು ಬರುತ್ತೆ, 33 ಅಲ್ಲ. ಇದು ಬೇರೆ ವಿಷಯ.

ತಾಮ್ರದ_ತಂತಿ
ಶ್ರೀ ಅವರೇ, ಇಲ್ಲಿ ಮೂರು ಬೇರೆ ಬೇರೆ ಸಂಖ್ಯೆಗಳಿವೆ. ಮೂರನ್ನೂ "ಸ್ಪೀಡ್" ಅಂತಲೇ ಕರೆಯೋದರಿಂದ ಎಲ್ಲರಿಗೂ ತಲೆ ಕೆಡುತ್ತೆ.

ಮೊದಲನೆಯದು ಸಿಂಕ್. ನಿಮ್ಮ ಮನೆಯ ಮೋಡೆಮ್ ಮತ್ತು ಕ್ಯಾಬಿನೆಟ್ ಒಳಗಿನ ಡಿಸ್ಲಾಮ್ (ಹಲವು ಮನೆಗಳ ಲೈನ್ ಬಂದು ಸೇರುವ ಯಂತ್ರ), ಇವೆರಡೇ ಮಾತಾಡಿಕೊಂಡು ಈ ತಂತಿಯಲ್ಲಿ ಇಷ್ಟು ಹೋಗುತ್ತೆ ಅಂತ ಒಪ್ಪಿಕೊಂಡ ವೇಗ. ಅದು 46,012. ತಂತಿಯ ಉದ್ದ, ಜಾಯಿಂಟ್, ಗದ್ದಲ ಇದರ ಮೇಲೆ ನಿಂತಿರುತ್ತೆ.

ಎರಡನೆಯದು ಪ್ರೊಫೈಲ್. ಇಲ್ಲಿ ಐಪಿ ಪ್ರೊಫೈಲ್ ಅಂತಾರೆ, ಹಳಬರು ಬ್ರಾಸ್ ಪ್ರೊಫೈಲ್ ಅಂತಾರೆ. ಇದು ನಿಮ್ಮ ತಂತಿಯಲ್ಲಿಲ್ಲ. ದೂರದಲ್ಲಿ, ಬ್ರಾಡ್‌ಬ್ಯಾಂಡ್ ಕಂಪನಿಗಳಿಗೆ ಸಗಟಾಗಿ ಲೈನ್ ಕೊಡುವ ಬಿಟಿ ಹೋಲ್‌ಸೇಲ್ ಜಾಲದ ಒಳಗೆ ಒಂದು ಉಪಕರಣ ಕೂತು, ಈ ಮನೆಗೆ ಸೆಕೆಂಡಿಗೆ ಇಷ್ಟಕ್ಕಿಂತ ಜಾಸ್ತಿ ಕಳಿಸಬಾರದು ಅಂತ ಇಟ್ಟುಕೊಂಡ ಮಿತಿ. ಕ್ಯಾಬಿನೆಟ್ ಫೈಬರ್‌ನಲ್ಲಿ ಅದು ಸಿಂಕ್‌ನ 96.79 ಶೇಕಡಾ. 40 ಸಿಂಕ್ ಆದರೆ 38.72. ಪೂರ್ತಿ 80 ಸಿಂಕ್ ಆದರೆ 77.43. ನಿಮ್ಮ 46,012ಕ್ಕೆ 44.5 ಇರಬೇಕು.

ಮೂರನೆಯದು ಟೆಸ್ಟ್‌ನಲ್ಲಿ ಕಾಣೋದು. ಪ್ಯಾಕೆಟ್ ಒಂದೊಂದಕ್ಕೂ ತಲೆಬರಹ ಇರುತ್ತೆ, ಅದಕ್ಕೆ ಇನ್ನೊಂದು ಮೂರು ಶೇಕಡಾ ಹೋಗುತ್ತೆ. 44.5 ಪ್ರೊಫೈಲ್‌ಗೆ ಟೆಸ್ಟ್ 43ರ ಹತ್ತಿರ. ನೀವು ಮೊದಲು 43 ಬರುತ್ತಿತ್ತು ಅಂದಿರಲ್ಲ, ಲೆಕ್ಕ ಸರಿಯಾಗಿದೆ.

ಹಾಗಾಗಿ ಸಿಂಕ್ ಸರಿ ಇದೆ, ಟೆಸ್ಟ್ ಕಡಿಮೆ ಇದೆ. ನಡುವಿನದು ಎಷ್ಟಿದೆ ಅಂತ ನೋಡಬೇಕು. ಬಿಟಿ ಹೋಲ್‌ಸೇಲ್ ಟೆಸ್ಟರ್‌ನಲ್ಲಿ ಮಾಮೂಲಿ ಟೆಸ್ಟ್ ಮುಗಿದ ಮೇಲೆ ಮುಂದಿನ ಹಂತಕ್ಕೆ ಹೋಗಿ ಫೋನ್ ನಂಬರ್ ಕೊಟ್ಟರೆ ಐಪಿ ಪ್ರೊಫೈಲ್ ತೋರಿಸುತ್ತೆ. ಅದನ್ನು ಇಲ್ಲಿ ಹಾಕಿ.

ಬ್ರಿಸ್ಟಲ್_ಭಟ್ಟ
ಇಷ್ಟೆಲ್ಲ ಬೇಡ ಸರ್, ಇದು ಡಿಎಲ್‌ಎಂ ಕೆಲಸ, ಅಂದರೆ ಲೈನ್ ಮೇಲೆ ಕಣ್ಣಿಟ್ಟು ವೇಗ ಹೊಂದಿಸುವ ಯಂತ್ರದ್ದು. ಗುಡುಗಿಗೆ ಲೈನ್ ಬಿದ್ದು ಎದ್ದು ಮಾಡಿದ್ದಕ್ಕೆ ಆ ಯಂತ್ರ ಈ ಲೈನ್ ಗಟ್ಟಿ ಇಲ್ಲ ಅಂತ ಬ್ಯಾಂಡ್ ಹಾಕಿದೆ, ಅಂದರೆ ವೇಗಕ್ಕೆ ಮಿತಿ. ನಮ್ಮ ಮನೇಲೂ ಹಾಕಿತ್ತು. ಸುಮ್ನೆ ಬಿಟ್ಟರೆ ತಾನೇ ಬಿಡುತ್ತೆ.

ತಾಮ್ರದ_ತಂತಿ
ಇಲ್ಲ ಭಟ್ಟರೇ, ಇಲ್ಲಿ ಅದಲ್ಲ. ಡಿಎಲ್‌ಎಂ ಬ್ಯಾಂಡ್ ಹಾಕಿದರೆ *ಸಿಂಕ್* ಕೆಳಗೆ ನಿಲ್ಲುತ್ತೆ. ರೂಟರ್ ಪುಟದಲ್ಲೇ 35 ಅಂತ ಕಾಣುತ್ತೆ, ಪಕ್ಕದಲ್ಲಿ "ಅಟೇನಬಲ್ 46" ಅಂತ ಇರುತ್ತೆ, ಮಾರ್ಜಿನ್ 9ಕ್ಕೋ 10ಕ್ಕೋ ಏರಿರುತ್ತೆ, ಯಾಕೆಂದರೆ ತಂತಿಗೆ ತಾಕತ್ತಿದ್ದರೂ ಬಳಸೋಕೆ ಬಿಡುತ್ತಿಲ್ಲ. ಇವರದ್ದು ಸಿಂಕ್ 46, ಮಾರ್ಜಿನ್ 6.1. ಅಂದರೆ ತಂತಿಯಿಂದ ಹಿಂಡಬಹುದಾದಷ್ಟು ಹಿಂಡಿ ಆಗಿದೆ. ಡಿಎಲ್‌ಎಂ ಪ್ರೊಫೈಲನ್ನು ಮುಟ್ಟೋದಿಲ್ಲ, ಲೈನನ್ನು ಮುಟ್ಟುತ್ತೆ.

ಬ್ರಿಸ್ಟಲ್_ಭಟ್ಟ
ಕಂಪನಿಯವರು ಎರಡಕ್ಕೂ ಪ್ರೊಫೈಲ್ ಅಂತಲೇ ಹೇಳ್ತಾರಲ್ಲ ಮತ್ತೆ.

ವಿಜಿ_ಸ್ವಿಂಡನ್
ಹೌದು, ಅಲ್ಲೇ ಎಡವಟ್ಟು. ಡಿಸ್ಲಾಮ್ ಪೋರ್ಟ್ ಮೇಲೆ ಹಾಕುವ ಲೈನ್ ಪ್ರೊಫೈಲ್ ಒಂದು. ಸಿಂಕ್ ಗರಿಷ್ಠ ಎಷ್ಟು, ಮಾರ್ಜಿನ್ ಎಷ್ಟು, ಇಂಟರ್‌ಲೀವಿಂಗ್ (ಗದ್ದಲಕ್ಕೆ ಕೆಡದ ಹಾಗೆ ಡೇಟಾ ಹರಡಿ ಕಳಿಸೋದು) ಬೇಕೋ ಬೇಡವೋ ಅಂತ ಹೇಳೋದು ಅದು. ಐಪಿ ಪ್ರೊಫೈಲ್ ಬೇರೆ. ಮೊದಲನೆಯದು ಸಿಂಕ್ ಅನ್ನು ಹುಟ್ಟಿಸುತ್ತೆ, ಎರಡನೆಯದು ಸಿಂಕ್‌ನಿಂದ ಹುಟ್ಟುತ್ತೆ. ಫೋನಿನಲ್ಲಿ ಮಾತಾಡುವಾಗ ಯಾವ ಪ್ರೊಫೈಲ್ ಅಂತ ಕೇಳಲೇಬೇಕು.

ಹಳ್ಳಿಮನೆ_ಶ್ರೀ
ನೋಡಿದೆ. ಐಪಿ ಪ್ರೊಫೈಲ್ 33.88 ಅಂತ ಬಂತು.

ತಾಮ್ರದ_ತಂತಿ
ಸಿಕ್ಕಿಬಿತ್ತು. ಈಗ ಹಿಂದಕ್ಕೆ ಲೆಕ್ಕ ಹಾಕಿ. 33.88ನ್ನು 0.9679ರಿಂದ ಭಾಗಿಸಿದರೆ ಸರಿಯಾಗಿ 35.0. ಅಂದರೆ ಗುಡುಗಿನ ಹೊತ್ತಲ್ಲಿ ನಿಮ್ಮ ಲೈನ್ ಯಾವಾಗಲೋ 35,000ಕ್ಕೆ ಸಿಂಕ್ ಆಗಿದೆ. ಆಗ ಪ್ರೊಫೈಲ್ 33.88ಕ್ಕೆ ಇಳಿದಿದೆ. ಆಮೇಲೆ ಸಿಂಕ್ 46ಕ್ಕೆ ಏರಿತು, ಪ್ರೊಫೈಲ್ ಏರಲಿಲ್ಲ. 33.88ಕ್ಕೆ ಟೆಸ್ಟ್ 32.9 ಬರಬೇಕು, ಬರುತ್ತಿದೆ. ಎಲ್ಲ ತಾಳೆ ಆಯಿತು. ಇದಕ್ಕೆ ಇಲ್ಲಿನವರು ಸ್ಟಕ್ ಪ್ರೊಫೈಲ್ ಅಂತಾರೆ.

ಮಾಮೂಲಿಯಾಗಿ ಹೀಗಾಗಬಾರದು. ರೂಟರ್ ಪಿಪಿಪಿ ಲಾಗಿನ್ (ಕಂಪನಿಯ ಜಾಲಕ್ಕೆ ಇಂಟರ್ನೆಟ್ ಲಾಗಿನ್) ಆಗುವಾಗ ಕ್ಯಾಬಿನೆಟ್ ಆ ಹೊತ್ತಿನ ಸಿಂಕ್ ವೇಗವನ್ನೂ ಜೊತೆಗೆ ಸೇರಿಸಿ ಮೇಲಕ್ಕೆ ಕಳಿಸುತ್ತೆ, ಅದನ್ನು ನೋಡಿ ಮಿತಿ ಹಾಕುತ್ತಾರೆ. ನೀವು ರೂಟರ್ ಆಫ್ ಮಾಡಿ ಆನ್ ಮಾಡಿದ ಮೇಲೂ ಹಳೇ ಸಂಖ್ಯೆ ಇದೆ ಅಂದರೆ ಅದು ಮೇಲಿನವರ ಕಡೆಯೇ ಅಂಟಿಕೊಂಡಿದೆ.

ಕುಂದಾಪುರ_ಗಣಿ
ಒಂದು ದಡ್ಡ ಪ್ರಶ್ನೆ ಅಂತ ಬೈಯಬೇಡಿ ಮಾರಾಯ್ರೆ. ತಂತಿಯೇ 46ಕ್ಕಿಂತ ಜಾಸ್ತಿ ಒಯ್ಯೋದಿಲ್ಲ ಅಂದ ಮೇಲೆ ಮೇಲೆ ಇನ್ನೊಂದು ಮಿತಿ ಯಾಕೆ? ಎರಡೆರಡು ಬೀಗ ಯಾಕೆ ಹಾಕಬೇಕು?

ವಿಜಿ_ಸ್ವಿಂಡನ್
ಒಳ್ಳೆ ಪ್ರಶ್ನೆ. ಕೆರೆಯ ತೂಬು ಎಷ್ಟು ಎತ್ತಬೇಕು ಅನ್ನೋದು ಕಾಲುವೆ ನೋಡಿ, ಅಲ್ವಾ? ಪೂರ್ತಿ ಎತ್ತಿದರೆ ಕಾಲುವೆ ಉಕ್ಕಿ ನೀರು ಪಕ್ಕಕ್ಕೆ ಹೋಗುತ್ತೆ. ಇಲ್ಲೂ ಅಷ್ಟೇ. ಮೇಲಿಂದ ಸಾವಿರ ಎಂಬಿಪಿಎಸ್‌ನಲ್ಲಿ ಸುರಿದರೆ ಕ್ಯಾಬಿನೆಟ್ ಡಿಸ್ಲಾಮ್‌ನ ಬಫರ್ ಕ್ಷಣದಲ್ಲಿ ತುಂಬುತ್ತೆ. ತುಂಬಿದ ಮೇಲೆ ಅದು ಯಾವುದು ಮುಖ್ಯ ಅಂತ ನೋಡದೆ ಪ್ಯಾಕೆಟ್ ಬಿಸಾಕುತ್ತೆ. ಆಮೇಲೆ ಮತ್ತೆ ಕಳಿಸು, ಮತ್ತೆ ಬಿಸಾಕು. ಮೀಟಿಂಗ್‌ನ ಧ್ವನಿ ಒಡೆಯುತ್ತೆ. ಅದಕ್ಕೇ ಸಿಂಕ್‌ಗಿಂತ ಒಂಚೂರು ಕೆಳಗೆ ಮಿತಿ ಇಟ್ಟು, ಮೇಲೇ ಸಾಲು ನಿಲ್ಲಿಸಿ, ಹದವಾಗಿ ಕಳಿಸುತ್ತಾರೆ. ಮಿತಿ ಇರೋದು ತಪ್ಪಲ್ಲ. ಅದು ತಂತಿಯ ಇವತ್ತಿನ ಸ್ಥಿತಿಗೆ ಹೊಂದದೆ ಹೋದಾಗ ತೊಂದರೆ.

ಕುಂದಾಪುರ_ಗಣಿ
ಈಗ ಗೊತ್ತಾಯ್ತು. 96.79 ಅನ್ನೋ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು?

ವಿಜಿ_ಸ್ವಿಂಡನ್
ವಿಡಿಎಸ್‌ಎಲ್ (ಕ್ಯಾಬಿನೆಟ್‌ನಿಂದ ಮನೆಗೆ ತಂತಿಯಲ್ಲಿ ಡೇಟಾ ಕಳಿಸುವ ತಂತ್ರ) 64 ಬೈಟ್ ಡೇಟಾಗೆ 65 ಬೈಟ್ ಕಳಿಸುತ್ತೆ, ಅಲ್ಲಿ ಒಂದೂವರೆ ಶೇಕಡಾ ಹೋಯಿತು. ಮಿಕ್ಕಿದ್ದು ಫ್ರೇಮ್‌ಗಳ ಖರ್ಚು. ಹಳೇ ಎಡಿಎಸ್‌ಎಲ್ 2+ಗೆ ಇದು 88.2 ಶೇಕಡಾ. ಅದು ಎಟಿಎಂ ಸೆಲ್ ಅನ್ನೋ ಪುಟ್ಟ ಪೊಟ್ಟಣಗಳಲ್ಲಿ ಹೋಗುತ್ತಿತ್ತು, 53 ಬೈಟ್‌ನ ಸೆಲ್‌ನಲ್ಲಿ ಕೆಲಸದ್ದು 48 ಮಾತ್ರ. ಹಾಗಾಗಿ ಎಕ್ಸ್‌ಚೇಂಜ್‌ನಿಂದ ಬರುವ ಹಳೇ ಲೈನ್ ಇರುವವರು 20 ಸಿಂಕ್‌ಗೆ 17.6 ಪ್ರೊಫೈಲ್ ನೋಡಿ ಗಾಬರಿಯಾಗಬೇಡಿ. ಅದು ಕಳವಲ್ಲ.

ತಾಮ್ರದ_ತಂತಿ
ಅದಕ್ಕೂ ಹಿಂದೆ ಇನ್ನೂ ಕಷ್ಟ ಇತ್ತು. 2006ರಲ್ಲಿ ಎಡಿಎಸ್‌ಎಲ್ ಮ್ಯಾಕ್ಸ್ ಬಂದಾಗ ಪ್ರೊಫೈಲ್ ಮೆಟ್ಟಿಲು ಮೆಟ್ಟಿಲಾಗಿ ಇತ್ತು. ಸಿಂಕ್ 4544 ಕೆಬಿಪಿಎಸ್ ಆದರೆ ಪ್ರೊಫೈಲ್ 4000. ಮುಂದಿನ ಮೆಟ್ಟಿಲು 4500, ಅದಕ್ಕೆ ಸಿಂಕ್ 5120 ಬೇಕು. 5088ಕ್ಕೆ ಸಿಂಕ್ ಆದವನಿಗೂ 4000ವೇ. ಒಂದೇ ಒಂದು ಹೆಜ್ಜೆ ಸಿಂಕ್ ಏರಲಿ ಅಂತ ಜನ ಗೋಡೆಯ ಸಾಕೆಟ್ ಬಿಚ್ಚಿ ಗಂಟೆ ಬಾರಿಸುವ ಮೂರನೇ ತಂತಿಯನ್ನು ಕಿತ್ತು ಹಾಕುತ್ತಿದ್ದರು. ಅದು ಮನೆಯೊಳಗೆ ಆಂಟೆನಾ ತರಹ ಗದ್ದಲ ಹಿಡಿಯುತ್ತಿತ್ತು, ಕಿತ್ತರೆ ನಿಜವಾಗಿಯೂ ಲಾಭ ಆಗುತ್ತಿತ್ತು.

ಇನ್ನೊಂದು ನೋವು. ಸಿಂಕ್ ಇಳಿದರೆ ಪ್ರೊಫೈಲ್ ಒಂದು ಗಂಟೆ ಆಸುಪಾಸಿನಲ್ಲಿ ಇಳಿಯುತ್ತಿತ್ತು. ಏರಬೇಕಾದರೆ ಮೂರು ದಿನ, ಕೆಲವೊಮ್ಮೆ ಐದು ದಿನ. ರಾತ್ರಿ ಒಂದು ಕೆಟ್ಟ ಗಳಿಗೆಯಲ್ಲಿ ಲೈನ್ 160ಕ್ಕೆ ಸಿಂಕ್ ಆಯಿತು ಅಂದರೆ ಪ್ರೊಫೈಲ್ 135 ಕೆಬಿಪಿಎಸ್. ಬೆಳಿಗ್ಗೆ ಸಿಂಕ್ 8128 ಇದ್ದರೂ 135ರಲ್ಲೇ ದಿನ ದೂಡಬೇಕು. ಆ 135 ಅನ್ನೋ ಸಂಖ್ಯೆ ಕಂಡರೆ ಆಗಿನವರಿಗೆ ಈಗಲೂ ಮೈ ಉರಿಯುತ್ತೆ.

ಸಾಗರದ_ಅಡಿಕೆ
ನಡುವೆ ಬಾಯಿ ಹಾಕುತ್ತೇನೆ. ನಮ್ಮೂರಲ್ಲಿ ಇದು ಬೇರೆ ತರಹ ಇತ್ತು. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬಂದಾಗ 256 ಕೆಬಿಪಿಎಸ್ ಪ್ಲಾನ್. ಎಕ್ಸ್‌ಚೇಂಜ್ ಪಕ್ಕದ ಮನೆಯ ತಂತಿಗೆ ಎಂಟು ಎಂಬಿಪಿಎಸ್ ಒಯ್ಯುವ ಶಕ್ತಿ ಇದ್ದರೂ ಕೊಡುತ್ತಿದ್ದದ್ದು 256. ಅಲ್ಲಿ ಪ್ರೊಫೈಲ್ ಅನ್ನೋದು ಕೊಟ್ಟ ದುಡ್ಡಿನ ಲೆಕ್ಕ, ತಂತಿಯ ಲೆಕ್ಕ ಅಲ್ಲ. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದಿತ್ತು, ಅದಕ್ಕೇ ಅಲಾರಾಂ ಇಟ್ಟು ಏಳುತ್ತಿದ್ದರು.

ಮಳೆಗಾಲ ಬಂತು ಅಂದರೆ ಮಾತ್ರ ಸಿಂಕ್ ಏನು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. ಜಾಯಿಂಟ್ ಒಳಗೆ ನೀರು ಇಳಿದು ಫೋನ್ ಎತ್ತಿದರೆ ಗೊರ್ ಅನ್ನೋ ಸದ್ದು, ಡಿಎಸ್‌ಎಲ್ ಲೈಟ್ ಮಿಣುಕು ಮಿಣುಕು. ಲೈನ್‌ಮ್ಯಾನ್ ಬಂದು ಪೆಟ್ಟಿಗೆ ತೆಗೆದು, ಹಸಿರು ಕಟ್ಟಿದ ತುದಿ ಕತ್ತರಿಸಿ, ಹೊಸದಾಗಿ ಸುತ್ತಿ ಹೋದರೆ ಆ ಕ್ಷಣವೇ ಸರಿ.

ಮೈಸೂರು_ಮಲ್ಲಿಗೆ
ಈಗ ನಿಮ್ಮ ಕಡೆ ಫೈಬರ್ ಬಂದಿದೆಯಂತಲ್ಲ ಅಣ್ಣ? ಅದರಲ್ಲಿ ಸಿಂಕ್ ಎಷ್ಟು ಅಂತ ಎಲ್ಲಿ ನೋಡೋದು? ನಮ್ಮ ಅಪ್ಪನ ಮನೇಲಿ ಹಾಕಿಸಿದ್ದೇವೆ.

ಸಾಗರದ_ಅಡಿಕೆ
ಬಂದಿದೆ, ತೋಟದ ಅಂಚಿನ ಕಂಬದ ಮೇಲೆ. ಮರ ಬಿದ್ದರೆ ಹೋಗುತ್ತೆ, ಅದು ಬಿಟ್ಟರೆ ಚೆನ್ನಾಗಿದೆ.

ವಿಜಿ_ಸ್ವಿಂಡನ್
ಜಿಪಾನ್ ಫೈಬರ್‌ನಲ್ಲಿ (ಒಂದೇ ಫೈಬರ್ ಹಲವು ಮನೆಗೆ ಕವಲೊಡೆಯುವ ಬಗೆ) ಈ ಅರ್ಥದ ಸಿಂಕ್ ಇಲ್ಲ. ಬೆಳಕು ತಲುಪಿತೋ, ಎಲ್ಲರಿಗೂ ಒಂದೇ ವೇಗ, ಕೆಳಕ್ಕೆ 2.488 ಗಿಗಾಬಿಟ್, ಅದನ್ನು ಆ ಕವಲಿನ ಮನೆಗಳೆಲ್ಲ ಹಂಚಿಕೊಳ್ಳೋದು. ನಿಮ್ಮ ಅಪ್ಪನ ಮನೆಯ 100 ಎಂಬಿಪಿಎಸ್ ಬರೀ ಪ್ಲಾನ್‌ನ ಮಿತಿ. ನೋಡಬೇಕಾದ್ದು ಬೆಳಕಿನ ಬಲ. ಮೈನಸ್ 20ರ ಆಸುಪಾಸು ಇದ್ದರೆ ನೆಮ್ಮದಿ. ಮೈನಸ್ 27, 28 ಅಂದರೆ ಅಂಚಿನಲ್ಲಿದೆ, ಎಲ್ಲೋ ಕೇಬಲ್ ಮಡಚಿದೆ ಅಥವಾ ಬೆಸುಗೆ ಸರಿಯಿಲ್ಲ.

ಲೀಡ್ಸ್_ಲೋಕಿ
ಎಲ್ಲಿಂದ ಎಲ್ಲಿಗೋ ಹೋಯಿತು. ಶ್ರೀ ಅವರು ಈಗ ಏನು ಮಾಡಬೇಕು ಹೇಳಿ.

ತಾಮ್ರದ_ತಂತಿ
ಮೊದಲು, ರೂಟರ್ ಆಫ್ ಆನ್ ಮಾಡೋದು ನಿಲ್ಲಿಸಿ. ಪದೇ ಪದೇ ಸಿಂಕ್ ಕಡಿದರೆ ಡಿಎಲ್‌ಎಂ ಲೈನ್ ಕೆಟ್ಟಿದೆ ಅಂತ ತಿಳಿಯುತ್ತೆ, ಆಗ ಭಟ್ಟರು ಹೇಳಿದ ಬ್ಯಾಂಡೂ ಬಂದು ಕೂರುತ್ತೆ. ರೂಟರ್ ಪುಟದಲ್ಲಿ ಇಂಟರ್ನೆಟ್ ಲಾಗಿನ್ ಮಾತ್ರ ಕಡಿಯುವ ಗುಂಡಿ ಇದ್ದರೆ ಅದನ್ನು ಒತ್ತಿ, ಅರ್ಧ ಗಂಟೆ ಬಿಟ್ಟು ಮತ್ತೆ ಜೋಡಿಸಿ. ತಂತಿ ಕೀಳಬೇಡಿ, ಸಿಂಕ್ ಹಾಗೇ ಇರಲಿ. ಒಂದು ದಿನ ಕಾಯಿರಿ.

ಬ್ರಿಸ್ಟಲ್_ಭಟ್ಟ
ಕಾಯೋದು ಯಾಕೆ ಸರ್? ಸ್ಟಕ್ ಅಂತ ಗೊತ್ತಾದ ಮೇಲೆ ಇವತ್ತೇ ಫೋನ್ ಮಾಡಬೇಕು. ದುಡ್ಡು ಕಟ್ಟುತ್ತಿಲ್ವಾ? ಆಫ್‌ಕಾಮ್ (ಇಲ್ಲಿನ ದೂರಸಂಪರ್ಕ ನಿಯಂತ್ರಕ) ನಿಯಮ ಇದೆ, ಖಾತ್ರಿ ಕೊಟ್ಟ ಕನಿಷ್ಠ ವೇಗ ಬರದಿದ್ದರೆ ಒಂದು ತಿಂಗಳಲ್ಲಿ ಸರಿ ಮಾಡಬೇಕು, ಇಲ್ಲದಿದ್ದರೆ ದಂಡ ಇಲ್ಲದೆ ಬಿಟ್ಟು ಹೋಗಬಹುದು. 2019ರ ಮಾರ್ಚ್‌ನಿಂದ ಜಾರಿಯಲ್ಲಿದೆ.

ಲೀಡ್ಸ್_ಲೋಕಿ
ಅದು ಆಫ್‌ಕಾಮ್ ಸಂಹಿತೆ, ಅದಕ್ಕೆ ಸಹಿ ಹಾಕಿದ ಕಂಪನಿಗಳಿಗೆ ಮಾತ್ರ. ಶ್ರೀ ಅವರ ಕಾಗದದಲ್ಲಿ ಕನಿಷ್ಠ ಎಷ್ಟು ಅಂತ ಬರೆದಿದೆ ನೋಡಬೇಕು.

ಹಳ್ಳಿಮನೆ_ಶ್ರೀ
ಕನಿಷ್ಠ 31 ಅಂತಿದೆ. ನನಗೆ 32.9 ಬರುತ್ತಿದೆ. ಅದಕ್ಕೇ ಅವರು "ದೋಷ ಇಲ್ಲ" ಅಂತ ಮಾತು ಮುಗಿಸಿದ್ದು.

ತಾಮ್ರದ_ತಂತಿ
ಇಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಕನಿಷ್ಠ ವೇಗದ ನಿಯಮ ಒಪ್ಪಂದ ಮುರಿಯೋಕೆ ದಾರಿ, ಅಷ್ಟೇ. ಅದಕ್ಕಿಂತ ಮೇಲಿದ್ದರೆ ದೋಷವೇ ಇಲ್ಲ ಅಂತ ಅರ್ಥ ಅಲ್ಲ. "ಸ್ಪೀಡ್ ಕಡಿಮೆ" ಅಂತ ದೂರು ಕೊಟ್ಟರೆ ಅವರ ಪರದೆ ಮೇಲೆ 31ಕ್ಕಿಂತ ಜಾಸ್ತಿ ಕಾಣುತ್ತೆ, ಹಸಿರು ದೀಪ ಬರುತ್ತೆ, ಮುಗಿಯಿತು. ಆ ಮಾತೇ ಎತ್ತಬೇಡಿ. "ಸಿಂಕ್ 46,012, ಐಪಿ ಪ್ರೊಫೈಲ್ 33.88, ಪ್ರೊಫೈಲ್ 44.5 ಇರಬೇಕು, ಇದು ಸ್ಟಕ್ ಪ್ರೊಫೈಲ್, ಹೋಲ್‌ಸೇಲ್ ಕಡೆಗೆ ಕಳಿಸಿ ಸರಿ ಮಾಡಿಸಿ" ಅಂತ ಹೇಳಿ. ಈ ಎರಡು ಸಂಖ್ಯೆ ಹೊಂದುತ್ತಿಲ್ಲ ಅನ್ನೋದನ್ನು ಯಾರೂ ಇಲ್ಲ ಅನ್ನೋಕಾಗೋದಿಲ್ಲ. ಮೊದಲ ಹಂತದವರಿಗೆ ಗೊತ್ತಾಗದಿದ್ದರೆ ಎರಡನೇ ಹಂತದವರನ್ನು ಕೇಳಿ.

ಡಾರ್ಬಿ_ದಿನೇಶ
ಒಂದು ಎಚ್ಚರಿಕೆ. ಇದೆಲ್ಲ ಬಿಟಿ ಹೋಲ್‌ಸೇಲ್ ಮೂಲಕ ಬರುವ ಲೈನ್‌ಗೆ ಮಾತ್ರ. ಸ್ಕೈ, ಟಾಕ್‌ಟಾಕ್‌ನವರದ್ದು ಸ್ವಂತ ಜಾಲ. ಅವರ ಗ್ರಾಹಕರಿಗೆ ಆ ಟೆಸ್ಟರ್‌ನಲ್ಲಿ ಐಪಿ ಪ್ರೊಫೈಲ್ ಹುಡುಕಿ ಉಪಯೋಗ ಇಲ್ಲ. ಆದರೆ ಓಪನ್‌ರೀಚ್ (ತಂತಿ, ಕ್ಯಾಬಿನೆಟ್ ನೋಡಿಕೊಳ್ಳುವ ಕಂಪನಿ) ಕ್ಯಾಬಿನೆಟ್ ಮತ್ತು ಡಿಎಲ್‌ಎಂ ಎಲ್ಲರಿಗೂ ಒಂದೇ.

ಕುಂದಾಪುರ_ಗಣಿ
ಗುಡುಗು ಇಲ್ಲದೆಯೂ ನಮ್ಮದು ದಿನಾ ಸಂಜೆ ಕಡಿಯುತ್ತೆ. ಹಿಂದೆ ಹೊಲ, ದನ ಮೇಯಿಸುವವರು ವಿದ್ಯುತ್ ಬೇಲಿ ಹಾಕಿದ್ದಾರೆ. ಅದರಿಂದಾನಾ?

ತಾಮ್ರದ_ತಂತಿ
ಇರಬಹುದು. ಬ್ಯಾಟರಿಯ ಹಳೇ ರೇಡಿಯೊ ಇದ್ದರೆ ಮೀಡಿಯಂ ವೇವ್‌ನಲ್ಲಿ 612 ಕಿಲೊಹರ್ಟ್ಜ್‌ಗೆ ಇಡಿ, ಅಲ್ಲಿ ಸ್ಟೇಷನ್ ಇರಬಾರದು, ಬರೀ ಸುಯ್ ಅನ್ನಬೇಕು. ಲೈನ್ ಕಡಿಯುವ ಹೊತ್ತಿಗೆ ರೇಡಿಯೊ ಹಿಡಿದು ಮನೆಯೆಲ್ಲ ಓಡಾಡಿ. ಬೇಲಿಯಾದರೆ ಟಕ್, ಟಕ್ ಅಂತ ಸೆಕೆಂಡಿಗೊಂದು ಬಡಿತ ಕೇಳುತ್ತೆ. ಕೆಟ್ಟ ಪವರ್ ಅಡಾಪ್ಟರ್ ಆದರೆ ಹತ್ತಿರ ಹೋದಂತೆ ಗುಂಯ್ ಅನ್ನೋದು ಜೋರಾಗುತ್ತೆ. ಸಂಜೆ ಮಾತ್ರ ಅಂದಿದ್ದಕ್ಕೆ ನನ್ನ ಅನುಮಾನ ಯಾವುದೋ ದೀಪದ ಮೇಲೆ.

ಲೀಡ್ಸ್_ಲೋಕಿ
17070ಕ್ಕೆ ಕರೆ ಮಾಡಿ 2 ಒತ್ತಿದರೆ ನಿಶ್ಶಬ್ದ ಲೈನ್ ಸಿಗುತ್ತೆ. ಗರಗರ ಕೇಳಿಸಿದರೆ ತಂತಿಯ ದೋಷ.

ಡಾರ್ಬಿ_ದಿನೇಶ
ಹಳೇ ಫೋನ್ ಸೇವೆ ಇದ್ದರೆ ಮಾತ್ರ. ಈಗ ತುಂಬಾ ಮನೆಗಳಿಗೆ ಬರೀ ಬ್ರಾಡ್‌ಬ್ಯಾಂಡ್ ಲೈನ್ ಕೊಡುತ್ತಾರೆ, ಡಯಲ್ ಟೋನೇ ಇರೋದಿಲ್ಲ. 2027ರ ಜನವರಿಗೆ ಹಳೇ ಫೋನ್ ಜಾಲ ಪೂರ್ತಿ ಮುಚ್ಚುವುದು ಅಂತ ಗೊತ್ತುಪಡಿಸಿದ್ದಾರೆ.

ಹಳ್ಳಿಮನೆ_ಶ್ರೀ
ವಿಷಯ ತಿಳಿಸೋಣ ಅಂತ ಬಂದೆ. ಲಾಗಿನ್ ಮಾತ್ರ ಕಡಿದು ಜೋಡಿಸಿದೆ, ಏನೂ ಆಗಲಿಲ್ಲ. ಮರುದಿನ ಫೋನ್ ಮಾಡಿ ಮೇಲೆ ಬರೆದ ಮಾತನ್ನೇ ಓದಿದೆ. ಮೊದಲು ತೆಗೆದುಕೊಂಡವರು "31ಕ್ಕಿಂತ ಮೇಲಿದೆ" ಅಂತಲೇ ಶುರು ಮಾಡಿದರು. ಸ್ಪೀಡ್ ಬಗ್ಗೆ ನಾನು ಮಾತಾಡುತ್ತಿಲ್ಲ, ಎರಡು ಸಂಖ್ಯೆ ಹೊಂದುತ್ತಿಲ್ಲ ಅಂತ ಹೇಳುತ್ತಿದ್ದೇನೆ ಅಂದೆ. ಸ್ವಲ್ಪ ಹೊತ್ತು ಕಾಯಿಸಿ ಬೇರೆಯವರಿಗೆ ಕೊಟ್ಟರು. ಅವರು ಪ್ರೊಫೈಲ್ ಅಂದ ತಕ್ಷಣ ಅರ್ಥ ಮಾಡಿಕೊಂಡರು, ನೋಡಿ "ಹೌದು, ಇದು ಅಂಟಿಕೊಂಡಿದೆ" ಅಂತ ಅವರೇ ಹೇಳಿದರು. ಇವತ್ತು ಬೆಳಿಗ್ಗೆ ಟೆಸ್ಟರ್‌ನಲ್ಲಿ 44.53. ಸ್ಪೀಡ್ ಟೆಸ್ಟ್ 43.2. ಸಿಂಕ್ ಒಂದು ಅಂಕಿಯೂ ಬದಲಾಗಿಲ್ಲ, ಅದೇ 46,012. ಎಲ್ಲರಿಗೂ ತುಂಬಾ ಧನ್ಯವಾದ, ತಾಮ್ರದ ತಂತಿ ಸರ್‌ಗೆ ವಿಶೇಷವಾಗಿ.

ಬ್ರಿಸ್ಟಲ್_ಭಟ್ಟ
ಒಳ್ಳೇದಾಯ್ತು ಮೇಡಂ. ಆ ಎರಡನೇ ಹಂತದವರ ಟಿಕೆಟ್ ನಂಬರ್ ಬರೆದಿಟ್ಟುಕೊಳ್ಳಿ, ಮುಂದಿನ ಗುಡುಗಿಗೆ ಬೇಕಾಗುತ್ತೆ.

ಮೈಸೂರು_ಮಲ್ಲಿಗೆ
ಹಾಗಾದರೆ ನನ್ನದೂ ನೋಡಿ. ನಾನಿರೋದು ನಾರ್ಥಾಂಪ್ಟನ್‌ನಲ್ಲಿ. ಸಿಂಕ್ 39,999, ಪ್ರೊಫೈಲ್ 38.71. ಯಾವಾಗ ನೋಡಿದರೂ ಅದೇ. ಮಾರ್ಜಿನ್ 13.4, ಅಟೇನಬಲ್ 61,000. ನನ್ನದೂ ಸ್ಟಕ್ಕಾ?

ತಾಮ್ರದ_ತಂತಿ
ಇಲ್ಲ. 39,999ಕ್ಕೆ 38.71 ಸರಿಯಾದ ಲೆಕ್ಕ, ಪ್ರೊಫೈಲ್ ಆರೋಗ್ಯವಾಗಿದೆ. ನೀವು ಕೊಂಡಿರೋದು 40/10 ಪ್ಲಾನ್ (ಕೆಳಕ್ಕೆ 40, ಮೇಲಕ್ಕೆ 10), ಸಿಂಕ್ ಆ ಪ್ಲಾನ್‌ನ ಗೋಡೆಗೆ ತಾಗಿ ನಿಂತಿದೆ. ಮಾರ್ಜಿನ್ 13 ಇರೋದು ಅದಕ್ಕೇ. 80/20ಕ್ಕೆ ಬದಲಾಯಿಸಿದರೆ 60ರ ಹತ್ತಿರ ಸಿಂಕ್ ಬರುತ್ತೆ. ಮಾರ್ಜಿನ್ 6ಕ್ಕೆ ಇಳಿಯುತ್ತೆ, ಅದಕ್ಕೆ ಹೆದರಬೇಡಿ. ಆದರೆ ನಿಮ್ಮ ಬೀದಿಗೆ ಪೂರ್ತಿ ಫೈಬರ್ ಬಂದಿದೆಯಾ ಅಂತ ಮೊದಲು ವಿಚಾರಿಸಿ. ಬಂದಿದ್ದರೆ ತಾಮ್ರದ ಮೇಲೆ ಹೊಸದಾಗಿ ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಬೇಡಿ.